ರಾವಂದೂರಿನ ದಾರಿಯಲ್ಲಿ ಒಂದು ನೀಲಿ ಪೊಟ್ಟಣ

ಶನಿವಾರ ಬೆಳಿಗ್ಗೆ ಏಳೂವರೆಗೆ ಮೈಸೂರಿನಲ್ಲಿ ಪಿರಿಯಾಪಟ್ಟಣದ ಬಸ್ಸು ಹತ್ತಿದೆ. ಬೆನ್ನಿಗೊಂದು ಚೀಲ, ಕಂಕುಳಲ್ಲಿ ಸುರುಳಿ ಸುತ್ತಿದ ಬಣ್ಣದ ಡ್ರಾಯಿಂಗ್ ಹಾಳೆಗಳು, ಕೈಯಲ್ಲಿ ಒಂದು ನೀಲಿ ಪೊಟ್ಟಣ. ಕಡಲೆಕಾಯಿ ಮಾರುವವರು ಸುತ್ತಿಕೊಡುವ ಪೊಟ್ಟಣದ ಆಕಾರವೇ, ಆದರೆ ನನ್ನ ತೋಳಿನಷ್ಟು ಉದ್ದ. ಬಾಯಿಯ ಸುತ್ತ ಹಳದಿ ಬಟ್ಟೆ ಅಂಟಿಸಿ ರಿಬ್ಬನ್ನಿನಿಂದ ಕಟ್ಟಿದ್ದೆ. ಮೇಲೆ ಸಾಮಾನಿಡುವ ಕಡೆ ಇಟ್ಟರೆ ಅಪ್ಪಚ್ಚಿಯಾಗುತ್ತದೆಂದು ತೊಡೆಯ ಮೇಲೆ ಕೂರಿಸಿಕೊಂಡೆ.

ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಶೂನ್ಯ ರೂಪಾಯಿಯ ಟಿಕೆಟ್ ಕೊಟ್ಟರು. "ನಿಮಗೆ ಫ್ರೀ ಮೇಡಂ. ಈ ರಾಕೆಟ್ಟಿಗೆ ಆಧಾರ್ ಅದ್ಯಾ?" ಎಂದರು.

ಪಕ್ಕದಲ್ಲಿದ್ದ ಅಜ್ಜಿ ಬಿಳಿಕೆರೆ ದಾಟುವವರೆಗೆ ತಡೆದುಕೊಂಡರು. ಆಮೇಲೆ ಪೊಟ್ಟಣವನ್ನು ಬೆರಳಿನಿಂದ ಮುಟ್ಟಿ, "ಏನವ್ವ ಇದು? ದನಕ್ಕೆ ಔಸ್ದಿ ಉಯ್ಯೋ ಗೊಟ್ಟ ಇದ್ದಂಗದಲ್ಲ?" ಎಂದರು.

"ಇಲ್ಲ ಅಜ್ಜಿ, ಮೊದಲನೇ ಸಲ ಸ್ಕೂಲಿಗೆ ಹೋಗೋ ಮಗೂಗೆ ಕೊಡೋದು. ಜರ್ಮನಿ ದೇಶದಲ್ಲಿ ಇದರ ತುಂಬ ಸಿಹಿ ಹಾಕಿ ಕಳಿಸ್ತಾರೆ."

"ಅಂಗಾ? ನಮ್ ಕಾಲ್ದಲ್ಲಿ ಮೇಷ್ಟ್ರು ಬೆತ್ತ ಇಡ್ಕಂಡು ಬಾಗ್ಲಲ್ಲೇ ನಿಂತಿರೋರು. ಅದ್ಕೇ ನಾನು ಓದಿದ್ದು ಒಂದೇ ದಿಸ ಕಣವ್ವ."

ಹದಿನಾಲ್ಕು ವರ್ಷದ ಹಿಂದೆ ಓದಿನ ಸಲುವಾಗಿ ಜರ್ಮನಿಯ ಸಣ್ಣ ಊರೊಂದರಲ್ಲಿ ಒಂದು ವರ್ಷ ಇದ್ದೆ. ಪಕ್ಕದ ಮನೆಯ ಹುಡುಗ ಶಾಲೆಗೆ ಸೇರುವ ವಾರ, ಅವನ ತಾಯಿ ಅಡುಗೆಮನೆಯ ಮೇಜಿನ ಮೇಲೆ ಇಂಥದೊಂದು ಪೊಟ್ಟಣ ಮಾಡುವಾಗ ನಾನೂ ಕತ್ತರಿ ಹಿಡಿದು ಕೂತಿದ್ದೆ. ಶೂಲ್‌ಟ್ಯೂಟೆ ಎನ್ನುತ್ತಾರೆ ಅದನ್ನು. ಮಗು ಅದನ್ನು ತಬ್ಬಿಕೊಂಡು ಶಾಲೆಗೆ ಹೋಗಬೇಕು. ಒಳಗೇನಿದೆ ಎಂದು ಬಿಚ್ಚಿ ನೋಡುವುದು ಮೊದಲ ದಿನ ಮುಗಿದ ಮೇಲೆ. ಆ ಹುಡುಗನ ಪೊಟ್ಟಣ ನೀಲಿಯಾಗಿತ್ತು ಎಂದು ನನ್ನ ನೆನಪು. ನಿಜಕ್ಕೂ ನೀಲಿಯೋ, ಅಥವಾ ಆ ದಿನದ ಆಕಾಶವನ್ನು ನಾನೇ ಅದಕ್ಕೆ ಬಳಿದಿದ್ದೇನೋ ಹೇಳಲಾರೆ. ಆ ವರ್ಷದ ಡೈರಿಯನ್ನು ಹೊರಡುವ ಮುನ್ನ ಹುಡುಕಿದೆ, ಸಿಗಲಿಲ್ಲ. ನೆನಪನ್ನೇ ನಂಬಿಕೊಂಡು ನೀಲಿ ಹಾಳೆ ಕೊಂಡೆ.

ನನ್ನನ್ನು ಕರೆಸಿಕೊಂಡವಳು ಸುಜಾತಾ. ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಈಗ ಅವಳು ರಾವಂದೂರಿನ ಹತ್ತಿರದ ಹಳ್ಳಿಯ ಸೊಸೆ. ಬೆಳಿಗ್ಗೆ ಸಂಜೆ ಊರ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಅಳೆಯುತ್ತಾಳೆ. ಅವಳ ಮಗಳು ದೀಕ್ಷಾಳಿಗೆ ಆರು ವರ್ಷ. ಹೋದ ವರ್ಷ ಅವಳನ್ನು ಪಟ್ಟಣದ ಇಂಗ್ಲಿಷ್ ಶಾಲೆಗೆ ವ್ಯಾನಿನಲ್ಲಿ ಕಳಿಸಿದ್ದರು. ಎರಡು ತಿಂಗಳಲ್ಲಿ ಮಗು ವ್ಯಾನಿನ ಸದ್ದು ಕೇಳಿದರೆ ವಾಂತಿ ಮಾಡಿಕೊಳ್ಳುವಂತಾಯಿತು, ಬಿಡಿಸಿದರು. ಈ ಸೋಮವಾರ ಊರಿನ ಸರ್ಕಾರಿ ಶಾಲೆಯಲ್ಲೇ ಒಂದನೇ ತರಗತಿ. ಸುಜಾತಾಳ ಗಂಡ ಲಾರಿ ಓಡಿಸುವವನು, ಹೊರಡುವಾಗ ಒಂದು ಮಾತು ಹೇಳಿ ಹೋಗಿದ್ದ: ಇಲ್ಲೂ ಕೂರದಿದ್ದರೆ ಕೆ.ಆರ್. ನಗರದ ತನ್ನ ಅಕ್ಕನ ಮನೆಯಲ್ಲಿಟ್ಟು ಓದಿಸುವುದು.

"ಆರು ವರ್ಷದ ಕೂಸನ್ನ ಇನ್ನೊಬ್ಬರ ಮನೇಲಿ ಬಿಟ್ಟು ನಾನು ಇಲ್ಲಿ ಹಾಲು ಅಳೀತಾ ಕೂತಿರ್ಲಾ? ನೀನು ಆ ಪೊಟ್ಟಣದ ಕತೆ ಹೇಳಿದ್ದೆಯಲ್ಲ, ಅದನ್ನ ತಂದು ಮಾಡ್ಸು ಕಣೇ," ಎಂದು ಫೋನಿನಲ್ಲಿ ಹೇಳಿದ್ದಳು. ಕಾಗದದ ಪೊಟ್ಟಣ ಒಂದು ಮಗುವನ್ನು ಮನೆಯಲ್ಲಿ ಉಳಿಸೀತು ಎಂದು ನನಗೆ ನಂಬಿಕೆಯಿರಲಿಲ್ಲ. ಆದರೂ ಹೊರಟಿದ್ದೆ.

ಹುಣಸೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು; ಎರಡು ಇಡ್ಲಿ, ಕಾಫಿ. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಹೊಲ, ನಾಟಿಯಾಗಿ ಎರಡು ಮೂರು ವಾರದ ಸಸಿಗಳು. ಪಿರಿಯಾಪಟ್ಟಣದಲ್ಲಿ ಇಳಿಯುವಾಗಲೇ ಮಳೆ ಹಿಡಿಯಿತು. ಹಣ್ಣಿನ ಅಂಗಡಿಯವರು ಕೇಳದೆಯೇ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಕೊಟ್ಟು, "ನೀವು ನೆಂದ್ರೂ ಒಣಗ್ತೀರ, ಅದು ಒಣಗಕಿಲ್ಲ," ಎಂದರು. ಮುಕ್ಕಾಲು ಗಂಟೆ ಕಾದು ರಾವಂದೂರಿನ ಬಸ್ಸು ಹಿಡಿದೆ. ಅಲ್ಲಿ ಸುಜಾತಾ ಸ್ಕೂಟರ್ ತಂದಿದ್ದಳು. ಎರಡು ಕಿಲೋಮೀಟರ್ ಕೆಂಪು ರಾಡಿಯ ದಾರಿ.

ಮನೆಯ ಮುಂಭಾಗವೇ ಅಂಗಡಿ. ಸುಜಾತಾಳ ಮಾವ ಮಲ್ಲಪ್ಪನವರು ಹಣೆಗೆ ವಿಭೂತಿ ಹಚ್ಚಿ ಗಲ್ಲಾದ ಹಿಂದೆ ಕೂತಿದ್ದರು. ಪೊಟ್ಟಣವನ್ನು ತೆಗೆದುಕೊಂಡು ಮೇಲೆ ಕೆಳಗೆ ತಿರುಗಿಸಿ, ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, ಏನೋ ಹೇಳಲು ಹೊರಟವರು ಸುಮ್ಮನಾಗಿ ವಾಪಸು ಕೊಟ್ಟರು. ದೀಕ್ಷಾ ಅಕ್ಕಿಮೂಟೆಯ ಹಿಂದಿನಿಂದ ಇಣುಕಿದಳು. ಮಾತಾಡಿಸಿದರೆ ತಲೆ ಒಳಗೆಳೆದುಕೊಂಡಳು. ಮಧ್ಯಾಹ್ನ ಮುದ್ದೆ, ಬಸ್ಸಾರು.

ಭಾನುವಾರ ಜಗುಲಿಯ ಮೇಲೆ ಬೀದಿಯ ಏಳು ಮಕ್ಕಳು ಸೇರಿದರು. ನಾಲ್ಕನೇ, ಐದನೇ ತರಗತಿಯವರು. ಈ ಸಲ ಒಂದನೇ ತರಗತಿಗೆ ನಾಲ್ಕೇ ಮಕ್ಕಳು. ದೀಕ್ಷಾಳಿಗೆ ನೀಲಿಯದು ಇತ್ತು. ಉಳಿದ ಮೂವರಿಗೆ ದೊಡ್ಡ ಮಕ್ಕಳು ಮಾಡಬೇಕು. ಸುಜಾತಾ ಮೈದಾ ಹಿಟ್ಟಿನ ಅಂಟು ಕುದಿಸಿ ತಂದಳು. ನಾನು ಹಾಳೆಯ ಮೂಲೆಗೆ ದಾರ ಒತ್ತಿ ಹಿಡಿದು, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ ಕಾಲು ವೃತ್ತ ಎಳೆಯುವುದನ್ನು ತೋರಿಸಿದೆ. ಕತ್ತರಿಸಿ ಸುತ್ತಿ ಅಂಟಿಸಿದರೆ ಮುಗಿಯಿತು. ಜರ್ಮನಿಯ ಮಕ್ಕಳು ನಕ್ಷತ್ರ, ಗೂಬೆ ಅಂಟಿಸುತ್ತಾರೆ ಎಂದೆ. ಗೂಬೆ ಎಂದಾಕ್ಷಣ ಎಲ್ಲರೂ ಮುಖ ಹಿಂಡಿದರು. "ಗೂಬೆ ಇಡ್ಕಂಡು ಯಾರಾದ್ರೂ ಸ್ಕೂಲ್ಗೆ ಓಯ್ತಾರಾ ಮಿಸ್?" ಎಂದು ಒಬ್ಬಳು ಕೇಳಿ, ಟ್ರ್ಯಾಕ್ಟರ್ ಬರೆದಳು. ಇನ್ನೊಬ್ಬ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆ ಬರೆದು, ಅದರ ಹೊಗೆಗೊಳವೆಯಿಂದ ಹತ್ತಿಯ ಹೊಗೆ ಎಬ್ಬಿಸಿದ. ದೀಕ್ಷಾ ಹೊರಗೆ ಬರಲಿಲ್ಲ. ಆದರೆ ಅಕ್ಕಿಮೂಟೆಯ ಹಿಂದಿದ್ದವಳು ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಬಂದು ಕೂತಿದ್ದಳು ಎಂದು ನನ್ನ ಟಿಪ್ಪಣಿಯಲ್ಲಿದೆ.

ಸಂಜೆ ಮೂರೂ ಪೊಟ್ಟಣಗಳು ಆಯಾ ಮನೆಗೆ ಹೋದವು. ಪೆಪ್ಪರ್‌ಮೆಂಟು, ಪೆನ್ಸಿಲ್, ರಬ್ಬರ್ ತುಂಬಿ ಎಂದು ಹೇಳಿ ಕಳಿಸಿದ್ದೆ. ದೀಕ್ಷಾಳದನ್ನು ತುಂಬಲು ನಾನು ತಂದಿದ್ದ ಪೆಪ್ಪರ್‌ಮೆಂಟನ್ನು ಅವಳ ಅಜ್ಜಿಯ ಕೈಗೆ ಕೊಟ್ಟೆ.

ಸೋಮವಾರ ಒಂಬತ್ತೂವರೆಗೆ ಸುಜಾತಾ ಮಗಳ ಜಡೆ ಹೆಣೆದು ಹೊಸ್ತಿಲ ಬಳಿ ತಂದು ನಿಲ್ಲಿಸಿದಳು. ಮಗು ಅಳುತ್ತಿರಲಿಲ್ಲ, ಅದೇ ಹೆಚ್ಚು ಎಂದುಕೊಂಡೆ. ಅಜ್ಜಿ ಗೌರಮ್ಮನವರು ಒಳಗಿನಿಂದ ನೀಲಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ತಂದರು. ಅರಿಶಿನ ಕುಂಕುಮ ಹಚ್ಚಿದ್ದರು. ದೀಕ್ಷಾ ತಬ್ಬಿಕೊಂಡು ಒಂದು ಹೆಜ್ಜೆ ಇಟ್ಟಳು, ಅಷ್ಟೆ. ಕೆಳತುದಿ ಬಿರಿದು ಅಕ್ಕಿ ಸುರಿಯಿತು. ಅಕ್ಕಿಯ ಹಿಂದೆ ಬೆಲ್ಲದ ಅಚ್ಚು, ಕೊಬ್ಬರಿ ಬಟ್ಟಲು, ಐದು ವೀಳ್ಯದೆಲೆ.

"ಅತ್ತೆ! ಮಡಿಲಕ್ಕಿ ತುಂಬಿದ್ರಾ?" ಸುಜಾತಾಳ ದನಿ ಏರಿತು. "ಅವಳೇನು ಗಂಡನ ಮನೆಗೆ ಹೋಗ್ತಿದ್ದಾಳಾ?"

ಮದುವೆಯಾದ ಹೆಣ್ಣುಮಗಳು ತವರಿನಿಂದ ಹೊರಡುವಾಗ ಸೆರಗಿಗೆ ಹಾಕುವುದನ್ನೆಲ್ಲ ಅಜ್ಜಿ ಒಂದೂ ಬಿಡದೆ ಪೊಟ್ಟಣಕ್ಕೆ ಹಾಕಿದ್ದರು.

"ಮತ್ತಿನ್ನೇನವ್ವ? ಮನೆ ಹೆಣ್ಣು ಒಸ್ಲು ದಾಟ್ತಾವಳೆ. ಬರೀ ಪೆಪ್ಪರ್‌ಮೆಂಟ್ ಕೊಟ್ಟು ಕಳುಸ್ಲಾ?" ಎಂದ ಗೌರಮ್ಮನವರು ಹೊಸ್ತಿಲ ಮೇಲಿನ ಅಕ್ಕಿ ನೋಡಿ, "ಅಯ್ಯೋ ಶಿವನೇ," ಎಂದು ಕೂತುಬಿಟ್ಟರು.

ದೀಕ್ಷಾ ಖಾಲಿ ಪೊಟ್ಟಣ ಕೆಳಗೆ ಹಾಕಿ ಬಾಗಿಲ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೋದ ವರ್ಷ ವ್ಯಾನ್ ಬಂದಾಗ ಹಿಡಿಯುತ್ತಿದ್ದುದೂ ಅದೇ ಕಂಬವಂತೆ. ಸುಜಾತಾ ನನ್ನನ್ನು ನೋಡಿದಳು. ನಾನು ಖಾಲಿ ಪೊಟ್ಟಣ ಎತ್ತಿಕೊಂಡು ಬಿರಿದ ತುದಿಯನ್ನು ತಿರುಗಿಸಿ ನೋಡಿದೆ. ಜರ್ಮನಿಯ ಆ ತಾಯಿ ಅಡುಗೆಮನೆಯ ಮೇಜಿನ ಮೇಲೆ ಏನು ಮಾಡಿದ್ದರು? ತುದಿಗೆ ಏನೋ ಮಾಡಿದ್ದರು. ಎಷ್ಟು ಯೋಚಿಸಿದರೂ ಬಣ್ಣ ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಮಲ್ಲಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದರು. "ತುದೀಗೆ ಕಾಗ್ದ ಗಿಡೀಬೇಕು ಕಣವ್ವ. ಇಲ್ದಿದ್ರೆ ಭಾರ ಎಲ್ಲ ಅಲ್ಲಿಗೇ ಇಳೀತದೆ. ಮೊನ್ನೇನೇ ಏಳವಾ ಅಂದ್ಕಂಡೆ. ಜರ್ಮನಿಯೋರ ರೀತಿ ಬೇರೆ ಇರಬೋದು ಅಂತ ಸುಮ್ಗಾದೆ."

ಅವರು ಹೊಸ್ತಿಲ ಮೇಲೇ ಕೂತರು. ಹಳೆಯ ಪೇಪರಿನ ಹಾಳೆಯೊಂದನ್ನು ಸುತ್ತಿ ನೀಲಿಯದರ ಒಳಗೆ ಇಳಿಸಿದರು. ಇನ್ನೊಂದನ್ನು ಉಂಡೆ ಮಾಡಿ ತುದಿಗೆ ಗಿಡಿದರು. ಬಿರಿದ ಅಂಚನ್ನು ತಿರುಚಿ ಮೇಲಕ್ಕೆ ಮಡಿಚಿದರು. ಸಾಮಾನೆಲ್ಲ ಪ್ಯಾಕೆಟ್ಟಿನಲ್ಲೇ ಬರಲು ಶುರುವಾದ ಮೇಲೆ ಅವರ ಕೈಗೆ ಪೊಟ್ಟಣ ಕಟ್ಟುವ ಕೆಲಸವೇ ಇರಲಿಲ್ಲ ಎಂದು ಸುಜಾತಾ ಆಮೇಲೆ ಹೇಳಿದಳು. ಕೈ ಮರೆತಿರಲಿಲ್ಲ.

"ಬಾ ಮಗ, ದಾರ ಸುತ್ತೋವರ್ಗೆ ಇಲ್ಲಿ ಒತ್ತಿ ಇಡ್ಕೊ. ನಂಗೆ ಎರಡೇ ಕೈ ಇರೋದು."

ದೀಕ್ಷಾ ಒಂದು ಕೈಯನ್ನು ಕಂಬದಿಂದ ಬಿಟ್ಟು, ಹೆಬ್ಬೆಟ್ಟನ್ನು ಮಡಿಕೆಯ ಮೇಲಿಟ್ಟಳು. ಅದು ಸಾಲಲಿಲ್ಲ. ಇನ್ನೊಂದು ಕೈಯೂ ಬಂತು. ತಾತ ದಾರ ಸುತ್ತಿದರು, ಗಂಟು ಹಾಕಿದರು, ಪೊಟ್ಟಣವನ್ನು ಎರಡು ಸಲ ನೆಲಕ್ಕೆ ಕುಟ್ಟಿ ತೋರಿಸಿದರು. ಅಜ್ಜಿ ಸೆರಗಿನಲ್ಲಿ ಗೋರಿದ ಅಕ್ಕಿಯಲ್ಲಿ ಒಂದು ಹಿಡಿ ಮಾತ್ರ ಹಾಕಿದರು, ಮೇಲೆ ಬೆಲ್ಲ ಕೊಬ್ಬರಿ, ಅದರ ಮೇಲೆ ನನ್ನ ಪೆಪ್ಪರ್‌ಮೆಂಟು.

ಮಗು ಪೊಟ್ಟಣವನ್ನು ನೋಡುತ್ತಲೇ ಕೇಳಿತು: "ತಾತ, ಪೂರ್ವೀದೂ ಒಡೀತದಾ?"

ಪೂರ್ವಿ ಎದುರುಮನೆಯವಳು, ಅವಳೂ ಇವತ್ತೇ ಶಾಲೆಗೆ ಸೇರುವವಳು.

"ಅವರಜ್ಜೀನೂ ಅಕ್ಕಿ ತುಂಬವ್ರೆ. ನಾನೇ ಏಳಿದ್ದು," ಎಂದರು ಗೌರಮ್ಮನವರು ಸಣ್ಣ ದನಿಯಲ್ಲಿ. "ಮೂರು ಮನೇಗೂ ಏಳಿದ್ದೆ."

"ಅಂಗಾದ್ರೆ ಒಡದೇ ಒಡೀತದೆ ಬುಡು," ಎಂದರು ಮಲ್ಲಪ್ಪನವರು.

ದೀಕ್ಷಾ ದಾರದ ಉಂಡೆ ಎತ್ತಿಕೊಂಡಳು. ಹಳೆಯ ಪೇಪರನ್ನು ನನ್ನ ಕೈಗೆ ತುರುಕಿ, ತನ್ನ ಪೊಟ್ಟಣವನ್ನು ತಬ್ಬಿಕೊಂಡಳು. "ಬೇಗ ಬಾ ಆಂಟಿ." ಎರಡು ದಿನದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು. ಬಾಗಿಲ ಕಂಬದ ಪಕ್ಕದಲ್ಲೇ ಓಡಿದಳು, ಅದನ್ನು ಮುಟ್ಟಲಿಲ್ಲ.

ಶಾಲೆ ಇನ್ನೂರು ಹೆಜ್ಜೆ ದೂರ. ಗೇಟಿನ ಒಳಗೆ ಪೂರ್ವಿಯ ಟ್ರ್ಯಾಕ್ಟರ್ ಪೊಟ್ಟಣ ಆಗಲೇ ಬಾಯಿ ಬಿಟ್ಟಿತ್ತು. ಅವಳು ಅಳುತ್ತ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ದೀಕ್ಷಾ ಗೇಟು ದಾಟಿದ್ದನ್ನು ನಾನು ನೋಡಲೇ ಇಲ್ಲ; ಅವಳ ಹಿಂದೆ ಓಡುವುದರಲ್ಲಿದ್ದೆ. ನೋಡಿದಾಗ ಅವಳು ಹೊಂಗೆಮರದ ಕೆಳಗೆ ಕೂತು, "ಇಲ್ಲಿ ಒತ್ತಿ ಇಡ್ಕೊ ಕಣೇ, ನಂಗೆ ಎರಡೇ ಕೈ ಇರೋದು," ಎಂದು ಪೂರ್ವಿಗೆ ಹೇಳುತ್ತಿದ್ದಳು. ಹೆಡ್‌ಮಿಸ್ ಗಂಟೆ ಹೊಡೆಸುವುದನ್ನು ಐದು ನಿಮಿಷ ತಡ ಮಾಡಿದರು. ಸುಜಾತಾ ಗೇಟಿನ ಹೊರಗೇ ನಿಂತಿದ್ದಳು. ಒಳಗೆ ಬಂದರೆ ಮಗು ತನ್ನನ್ನು ನೋಡಿಬಿಡುತ್ತದೆ ಎಂಬ ಹೆದರಿಕೆ.

ಒಂದು ಬೆಳಿಗ್ಗೆಯನ್ನು ನಾನು ನಂಬುವುದಿಲ್ಲ. ಅದಕ್ಕೇ ಮಂಗಳವಾರವೂ ಬೆಳಿಗ್ಗೆ ಅಲ್ಲೇ ಉಳಿದೆ. ಆ ದಿನ ಪೊಟ್ಟಣವಿರಲಿಲ್ಲ, ಅಕ್ಕಿ ಬೆಲ್ಲವಿರಲಿಲ್ಲ. ದೀಕ್ಷಾ ಬಾಗಿಲ ಬಳಿ ನಿಂತಳು. ಅಳು ಬರುವ ಹಾಗೆ ತುಟಿ ಉಬ್ಬಿತು. ಆಮೇಲೆ ಅಂಗಡಿಗೆ ಹೋಗಿ, "ತಾತ, ದಾರ," ಎಂದಳು. ಕೊಟ್ಟರು. ಹೋದಳು. ನಡುವೆ ಒಮ್ಮೆ ತಿರುಗಿ ನೋಡಿದಳು ಎಂದು ಸುಜಾತಾ ಅನ್ನುತ್ತಾಳೆ. ಇಲ್ಲ ಎಂದು ನನ್ನ ನೆನಪು.

ವಾಪಸು ಕೆ.ಆರ್. ನಗರದ ಕಡೆಯಿಂದ ಬಂದೆ. ಚುಂಚನಕಟ್ಟೆಯಲ್ಲಿ ಬಸ್ಸು ಬದಲಿಸುವಾಗ ಒಂದು ಗಂಟೆ ಸಿಕ್ಕಿತು. ಗದ್ದೆಗಳಿಗೆ ಇನ್ನೂ ನಾಲೆಯ ನೀರು ಬಿಟ್ಟಿರಲಿಲ್ಲ, ಹೊಳೆ ಮಾತ್ರ ಕಲ್ಲುಗಳ ನಡುವೆ ಸದ್ದು ಮಾಡುತ್ತಿತ್ತು. ಕೆ.ಆರ್. ನಗರದಲ್ಲಿ ಕಿಟಕಿಯಿಂದ ಬೀದಿಗಳನ್ನು ನೋಡುತ್ತ, ಇದರಲ್ಲಿ ಯಾವುದೋ ಒಂದರಲ್ಲಿ ದೀಕ್ಷಾಳ ಆ ಸೋದರತ್ತೆಯ ಮನೆ ಎಂದುಕೊಂಡೆ. ಒಳ್ಳೆಯ ಮನೆಯೇ ಇದ್ದೀತು. ಪಕ್ಕದ ಸೀಟು ಖಾಲಿಯಿತ್ತು.

ಬುಧವಾರ ಬೆಳಿಗ್ಗೆ ಬಟ್ಟೆಯ ಪೆಟ್ಟಿಗೆಯ ತಳದಲ್ಲಿ ಜರ್ಮನಿಯ ವರ್ಷದ ಆ ಡೈರಿ ಸಿಕ್ಕಿತು. ನನ್ನದೇ ಅಕ್ಷರ: "ತುದಿಗೆ ಹಳೆಯ ಪತ್ರಿಕೆ ಗಿಡಿದರು. ಇಲ್ಲದಿದ್ದರೆ ಭಾರಕ್ಕೆ ಒಡೆಯುತ್ತದಂತೆ. ಹಸಿರು ಪೊಟ್ಟಣ." ಹಸಿರು! ಎರಡು ಸಲ ಓದಿದೆ. ನನಗೆ ಇದು ನೆನಪಿದ್ದಿದ್ದರೆ ಆ ಹೊಸ್ತಿಲ ಮೇಲೆ ಏನೂ ಒಡೆಯುತ್ತಿರಲಿಲ್ಲ, ಯಾರೂ ದಾರದ ಉಂಡೆ ಎತ್ತಿಕೊಂಡು ಓಡುತ್ತಲೂ ಇರಲಿಲ್ಲವೇನೋ. ಜರ್ಮನಿಯವರೂ ನಿನ್ನ ತಾತನ ಹಾಗೇ ಮಾಡುತ್ತಾರೆ ಎಂದು ದೀಕ್ಷಾಳಿಗೆ ಹೇಳಬೇಕೆನಿಸಿ ತಕ್ಷಣ ಫೋನ್ ಮಾಡಿದೆ.

"ಮಗಳಿಗೆ ಕೊಡೇ," ಎಂದೆ.

"ಗಂಟೆ ಹನ್ನೊಂದು ಕಣೇ," ಎಂದಳು ಸುಜಾತಾ. "ಅವಳು ಸ್ಕೂಲಲ್ಲಿದ್ದಾಳೆ. ನಾಲ್ಕೂವರೆ ಮೇಲೆ ಮಾಡು."