ಅಪ್ಪನ ಬಿಳಿ ಬೂಟ್ಸು

ನನ್ನ ಓದು ನಿಂತದ್ದು ೧೯೫೮ರಲ್ಲಿ, ಏಳನೇ ಕ್ಲಾಸಿಗೆ. "ಅಪ್ಪ ಶಾಲೆ ಬಿಡಿಸಿ ಕೆಲಸಕ್ಕೆ ಹಾಕಿದರು" ಎಂದು ನೆನಪಿನ ಪುಸ್ತಕದ ಮೊದಲ ಸಾಲು ಬರೆದೆ; ಅರವತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದದ್ದೂ ಅದನ್ನೇ. ಆ ಸಾಲು ಬರೆದ ದಿನ ಪಕ್ಕದ ಮನೆಯವರು ಕಾಂಪೌಂಡಿಗೆ ಸುಣ್ಣ ಹೊಡೆಸುತ್ತಿದ್ದರು. ಹಸಿ ಸುಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ಪುಟ್ಟೇನಹಳ್ಳಿಯ ನಮ್ಮ ಹಳೇ ಮನೆ ಕಣ್ಣೆದುರು ನಿಂತಿತು. ನಿಮ್ಮ ಮನೆಗೂ ಇಂಥ ಒಂದು ವಾಸನೆ ಇದ್ದೀತು. ನಮ್ಮದರ ಹಿತ್ತಿಲಲ್ಲಿ ಸುಣ್ಣ ನೆನೆಹಾಕುವ ಹೊಂಡ, ಅದರ ಹತ್ತಿರ ಸುಳಿಯಬೇಡಿ ಎಂದು ಬೈಯುತ್ತಲೇ ರಾಗಿ ಬೀಸುತ್ತಿದ್ದ ಅವ್ವ, ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಬಿಳುಪು ಉಳಿಯುತ್ತಿದ್ದ ಅಪ್ಪ.

ಅಪ್ಪ ಗಾರೆ ಕೆಲಸದವರು. ಹೊಲಗಳ ಮೇಲೆ ಜಯನಗರದ ಮನೆಗಳು ಏಳುತ್ತಿದ್ದ ಕಾಲ. ದಿನವೆಲ್ಲ ಗೋಡೆಗೆ ಗಾರೆ ಬಳಿದು, ಸಂಜೆ ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಕೂದಲೆಳೆಯಷ್ಟು ಓರೆ ಕಂಡರೂ ಕರಣೆಯಿಂದ ಅಷ್ಟನ್ನೂ ಕೆರೆದು ಹಾಕುತ್ತಿದ್ದರು. "ಯಾರ್ ನೋಡ್ತಾರೆ ಬಿಡಣ್ಣ" ಎಂದು ಜೊತೆಯವರು ನಗುತ್ತಿದ್ದರು. "ನಾನ್ ನೋಡ್ಬುಟ್ನಲ್ಲಪ್ಪ" ಎನ್ನುತ್ತಿದ್ದರು ಅಪ್ಪ. ಅವರು ದೇವರ ಮುಂದೆ ಕೂತದ್ದನ್ನು ನಾನು ಹೆಚ್ಚು ಕಂಡಿಲ್ಲ. ಅವರ ಪೂಜೆ ಇದೇ ಇದ್ದಿರಬೇಕು.

ಬರೆದದ್ದನ್ನು ಗೌರಕ್ಕನಿಗೆ ಓದಿದೆ. ಒಡಹುಟ್ಟಿದವರಲ್ಲಿ ಉಳಿದಿರುವುದು ಅವಳೊಬ್ಬಳೇ. ಮೊದಲ ಸಾಲಿಗೇ ಕೈ ಎತ್ತಿದಳು.

"ನಿಲ್ಸೋ ಸೀನ. ಅಪ್ಪ ಎಲ್ಲೋ ಬಿಡ್ಸಿದ್ದು? ಸತ್ತೋರ್ ಬಂದು ಇಲ್ಲ ಅನ್ನಲ್ಲ ಅಂತ ಏನ್ ಬೇಕಾದ್ರೂ ಬರೀತೀಯ?"

"ನಿಂಗೇನ್ ಗೊತ್ತಕ್ಕ" ಎಂದು ಪುಸ್ತಕ ಮುಚ್ಚಿಕೊಂಡು ಎದ್ದು ಬಂದೆ. ಸ್ವಂತ ದುಡಿಮೆಯಲ್ಲಿ ಮೇಲೆ ಬಂದವನು ನಾನು, ಯಾರಿಂದಲೂ ತಿದ್ದಿಸಿಕೊಂಡವನಲ್ಲ. ಆದರೆ ಮರುದಿನ ಸ್ನಾನ ಮುಗಿಸಿ ಆ ಸಾಲಿನ ಮುಂದೆ ಕೂತರೆ ಅದು ಓರೆ ಕಂಡಿತು. ಹೊಡೆದು ಹಾಕಿದೆ. "ಮನೆಯ ಕಷ್ಟಕ್ಕೆ ಬಿಟ್ಟೆ" ಎಂದು ಬರೆದೆ, ಅದೂ ಓರೆ. ಹನ್ನೊಂದು ಬೆಳಗು ಹೀಗೆ ಬರೆದು ಕೆರೆದ ಮೇಲೆ ಒಳಗಿನ ಇಟ್ಟಿಗೆ ಕಂಡಿತು.

ಏಳನೇ ಕ್ಲಾಸಿನ ಒಂದು ದಿನ, ನಾನು ಮರೆತು ಹೋದ ಬುತ್ತಿ ಕೊಡಲು ಅಪ್ಪ ಕೆಲಸದ ನಡುವೆಯೇ ಶಾಲೆಗೆ ಬಂದಿದ್ದರು. ಮೊಣಕಾಲವರೆಗೂ ಸುಣ್ಣ. "ಲೋ, ಸೀನನ ಅಪ್ಪ ಬಿಳೀ ಬೂಟ್ಸ್ ಹಾಕ್ಕೊಂಡ್ ಬಂದವ್ರೆ!" ಎಂದು ಒಬ್ಬ ಕೂಗಿದ, ಕ್ಲಾಸೆಲ್ಲ ನಕ್ಕಿತು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅಪ್ಪ ಬುತ್ತಿಯನ್ನು ಹೊಸ್ತಿಲ ಮೇಲಿಟ್ಟರು. ಜಗಲಿಯ ಮೇಲೆ ಮೂಡಿದ್ದ ತಮ್ಮ ಬಿಳಿ ಹೆಜ್ಜೆಗಳನ್ನು ಹೆಗಲ ಟವೆಲಿನಿಂದ ಒಂದೊಂದಾಗಿ ಒರೆಸುತ್ತ ಹಿಂದೆ ಹಿಂದೆ ಸರಿದು ಹೋದರು.

ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಅಪ್ಪ ನಾಲ್ಕು ದಿನ ಬೇಡಿಕೊಂಡರು, ಐದನೆಯ ದಿನ ಜೊತೆಗೆ ಕೆಲಸಕ್ಕೆ ಕರೆದೊಯ್ದರು. ಓದೋ ಹುಡುಗನ್ನ ಯಾಕೆ ಬಿಡಿಸಿದೆ ಎಂದು ಊರವರು ಉಗಿದಾಗಲೆಲ್ಲ, "ನಂಗೇ ಕೈಯಾಳ್ ಬೇಕಾಗಿತ್ತು ಕಣ್ರಪ್ಪ" ಎಂದರು. ಸಾಯುವವರೆಗೂ ಹಾಗೇ ಅಂದರು.

"ಅಪ್ಪನ ಕಾಲಿನ ಸುಣ್ಣಕ್ಕೆ ನಾಚಿ ನಾನೇ ಶಾಲೆ ಬಿಟ್ಟೆ." ಮೊದಲ ಸಾಲು ಈಗ ಇದು. ಮತ್ತೆ ಅಕ್ಕನಿಗೆ ಓದಿದೆ. "ಹೂಂ, ಮುಂದಕ್ಕೆ ಓದು" ಎಂದಳು.

ಈಗ ನನ್ನ ಬಳಿ ಇರುವುದು ಒಂದು ನೋಟ್‌ಬುಕ್ಕು, ಅದರಲ್ಲಿ ನೆಟ್ಟಗೆ ನಿಂತ ಒಂದು ಸಾಲು, ಅಪ್ಪನ ಒಂದು ಕರಣೆ, ಒಬ್ಬಳು ಅಕ್ಕ.