ರಫ್ ಇಲ್ಲದ ಪುಸ್ತಕ

ಹೊಸ ಪುಸ್ತಕದ ಮೊದಲ ಪುಟ ಕಂಡರೆ ನನಗೆ ಈಗಲೂ ಅಂಗೈ ಬೆವರುತ್ತದೆ. ಐವತ್ತು ದಾಟಿದ ಗೃಹಿಣಿ ಒಪ್ಪಿಕೊಳ್ಳುವಂಥ ಮಾತಲ್ಲ. ಆದರೆ ನಿಮ್ಮ ಮುಂದೆ ಮುಚ್ಚಿಡುವುದೇನು? ಧಾರವಾಡದ ಕಾನ್ವೆಂಟಿನಲ್ಲಿ ನಮಗೆ ಪ್ರತಿ ವಿಷಯಕ್ಕೂ ಎರಡು ಪುಸ್ತಕ. ಒಂದು ರಫ್, ಒಂದು ಫೇರ್. ರಫ್‌ನಲ್ಲಿ ಮನುಷ್ಯರಾಗಿರಬಹುದಿತ್ತು: ತಪ್ಪು ಬರೆಯಬಹುದು, ಹೊಡೆದುಹಾಕಬಹುದು, ಮೂಲೆಯಲ್ಲಿ ಸಿಸ್ಟರ್ ಅವರ ಮೂಗಿನ ಚಿತ್ರ ಬಿಡಿಸಬಹುದು. ಫೇರ್‌ಗೆ ಬಂದರೆ ದೇವತೆಗಳಾಗಬೇಕು. ಕಂದು ಕಾಗದದ ಹೊದಿಕೆ, ಕೆಂಪು ಗೆರೆಯ ಮಾರ್ಜಿನ್, ಒಂದು ಅಕ್ಷರ ತಪ್ಪಿದರೂ ಇಡೀ ಪುಟ ಹೊಸದಾಗಿ. ಕದ್ದು ಒಂದು ಹಾಳೆ ಹರಿದರೋ, ಅದರ ಜೋಡಿಹಾಳೆ ಪಿನ್ನಿನಿಂದ ಸಡಿಲಾಗಿ, ಹತ್ತು ಪುಟದಾಚೆ ಕೆಳಗೆ ಬಿದ್ದು ಚಾಡಿ ಹೇಳುತ್ತಿತ್ತು.

ಇಂಥವಳ ಕೈಗೆ ಬುಲೆಟ್ ಜರ್ನಲ್ ಬಂತು. ತಂದುಕೊಟ್ಟವಳು ಇಲ್ಲಿ ಪುಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಮೇಘನಾ. ಮೈಸೂರಿನ ಹುಡುಗಿ, ಮಗರಪಟ್ಟಾದ ಒಂದು ಕಂಪನಿಯಲ್ಲಿ ಕೆಲಸ. ಹೆಸರು ಕೇಳಿದ್ದೇ ತಡ ನಮ್ಮ ಮನೆಯವರು ಪೇಪರಿನ ಹಿಂದಿನಿಂದ, "ಬುಲೆಟ್ ಅಂದ್ರ ದೇಹೂ ರೋಡಿನ ಮಿಲಿಟರಿಯವರಿಗೆ ಇರಲಿ. ಮನ್ಯಾಗ ನಿನಗ್ಯಾಕ ಬೇಕು?" ಎಂದರು.

ವಿಷಯ ಬಹಳ ಸರಳ. ಪುಸ್ತಕದಲ್ಲಿ ಗೆರೆಗಳಿಲ್ಲ, ಪುಟದ ತುಂಬ ತಿಳಿಬೂದು ಚುಕ್ಕಿಗಳು; ಇನ್ನೂ ಯಾರೂ ಎಳೆ ಕೂಡಿಸದ ರಂಗೋಲಿಯ ಹಾಗೆ. ಮಾಡಬೇಕಾದ ಕೆಲಸದ ಮುಂದೆ ಒಂದು ಚುಕ್ಕಿ ಇಡಬೇಕು. ಮಾಡಿ ಮುಗಿಸಿದರೆ ಚುಕ್ಕಿಯ ಮೇಲೆ ಅಡ್ಡಗೀಟು. ಆಗದಿದ್ದರೆ ಒಂದು ಬಾಣ, ಅಂದರೆ ಆ ಕೆಲಸ ಮುಂದಿನ ಪುಟಕ್ಕೆ ನಡೆದಿದೆ ಎಂದು. ನನ್ನನ್ನು ಗೆದ್ದದ್ದು ಈ ಬಾಣವೇ. ನಮ್ಮ ಶಾಲೆಯಲ್ಲಿ ಆಗದ ಕೆಲಸಕ್ಕೆ ಇದ್ದದ್ದು ಒಂದೇ ಗುರುತು, ಕೆಂಪು ಶಾಯಿ. ಇಲ್ಲಿ ಯಾರೋ ಪುಣ್ಯಾತ್ಮರು ಕೂತು ಯೋಚಿಸಿ, ಆಗದ್ದಕ್ಕೂ ಮರ್ಯಾದೆಯ ಒಂದು ಗುರುತು ಕೊಟ್ಟಿದ್ದಾರೆ.

ಮೇಘನಾಳ ಪುಸ್ತಕ ನೋಡಿದೆ. ಕಾಫಿ ಕಲೆ, ಓರೆ ಅಕ್ಷರ, ಒಂದು ಪುಟಕ್ಕೆ ಅಂಟಿಕೊಂಡ ಬಿಂದಿ. ‘ಅಮ್ಮನಿಗೆ ಚಪ್ಪಲಿ’ ಎಂಬುದು ನಾಲ್ಕು ಬಾಣ ಹತ್ತಿ ಐದನೆಯ ಪುಟದಲ್ಲಿ ಅಡ್ಡಗೀಟು ಕಂಡಿತ್ತು. ಆ ಹುಡುಗಿಯ ಧೈರ್ಯಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

"ಸುಮ್ನೆ ಸ್ಟಾರ್ಟ್ ಮಾಡಿ ಆಂಟಿ. ಪರ್ಫೆಕ್ಟ್ ಆಗಿರ್ಬೇಕು ಅಂತೇನಿಲ್ಲ," ಎಂದಳು.

ಸುಮ್ಮನೆ ಶುರುಮಾಡುವುದು ನಮ್ಮ ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ. ಮೊದಲು ಕಂದು ಕಾಗದದ ಹೊದಿಕೆ ಹಾಕಿದೆ. ಆಮೇಲೆ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ರಫ್ ಎಂದು ಇಟ್ಟುಕೊಂಡೆ. ಬೆಳಿಗ್ಗೆ ಕೆಲಸಗಳನ್ನೆಲ್ಲ ರಫ್‌ನಲ್ಲಿ ಗೀಚುವುದು; ಸಂಜೆ, ಅವುಗಳಲ್ಲಿ ಆದದ್ದನ್ನು ಮಾತ್ರ ಚುಕ್ಕಿ, ಅಡ್ಡಗೀಟು ಸಮೇತ ಫೇರ್‌ಗೆ ಇಳಿಸುವುದು. ಮೂರು ತಿಂಗಳಲ್ಲಿ ನನ್ನ ಜರ್ನಲ್ ಮುತ್ತಿನ ಸರದ ಹಾಗಾಯಿತು.

"ವಾವ್ ಆಂಟಿ! ಆದ್ರೆ ಒಂದು ಬಾಣಾನೂ ಇಲ್ವಲ್ಲ?" ಎಂದು ಮೇಘನಾ ಕಣ್ಣರಳಿಸಿದಾಗ ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಈ ನಡುವೆ ಎರಡನೇ ಮಹಡಿಯ ಸುಮನ್ ಕಾಕೂಗೆ ಕಣ್ಣಿನ ಪೊರೆ ತೆಗೆಸುವುದೆಂದಾಯಿತು. ಕಾಕೂ ಬೆಳಗಾವಿಯವರು, ಪುಣೆಗೆ ನಾನು ಹೊಸದಾಗಿ ಬಂದಾಗ ಮಂಡಯಿಯ ತರಕಾರಿ ಸಂತೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಲು ಕಲಿಸಿದವರು. ಮನೆಯಲ್ಲಿ ಇನ್ನು ಇರುವವರು ಅವರ ಯಜಮಾನರು, ಕಾಕಾ ಒಬ್ಬರೇ. ಅವರ ಮೊಣಕಾಲು ಅವರ ಮಾತೇ ಕೇಳುವುದಿಲ್ಲ.

"ಆಪರೇಶನ್ ದಿವಸ ಜೋಡಿ ಯಾರರೆ ಬರಬೇಕಂತ. ಇಲ್ಲಂದ್ರ ಒಳಗs ತಗೊಳ್ಳೂದಿಲ್ಲಂತ. ನೀ ಬರತಿ?"

"ಬರತೇನ್ರಿ ಕಾಕೂ. ಅದೇನ್ ಕೇಳೂದು?"

"ಹಂಗಾರ ಮುಂದಿನ ತಿಂಗಳ ಎರಡನೇ ಗುರುವಾರ. ಬರಕೊ. ನಾ ಎರಡ ಸಲ ಹೇಳಾಕಿ ಅಲ್ಲ ನೋಡು."

ಬರೆದುಕೊಂಡೆ. ರಫ್‌ನಲ್ಲಿ. ಇನ್ನೂ ಆಗದ ಕೆಲಸಕ್ಕೆ ನನ್ನ ಫೇರ್‌ನಲ್ಲಿ ಪ್ರವೇಶವಿರಲಿಲ್ಲವಲ್ಲ! ತಿಂಗಳು ಮುಗಿಯುವ ಹೊತ್ತಿಗೆ ರಫ್ ತುಂಬಿತು. ಆದದ್ದೆಲ್ಲ ಫೇರ್‌ಗೆ ಇಳಿದಿದೆಯೇ ಎಂದು ಬೆರಳಿಟ್ಟು ಪರೀಕ್ಷಿಸಿ, ನೆಮ್ಮದಿಯಿಂದ ಅದನ್ನು ಪೇಪರುಗಳ ಜೊತೆ ರದ್ದಿಗೆ ಹಾಕಿದೆ.

ಆ ಗುರುವಾರ ಬೆಳಿಗ್ಗೆ ಕೊತ್ತಂಬರಿ ತರಲೆಂದು ಚೀಲ ಹಿಡಿದು ಇಳಿಯುತ್ತಿದ್ದೆ. ಎರಡನೇ ಮಹಡಿಯಲ್ಲಿ ಲಿಫ್ಟ್ ನಿಂತು ಕಾಕೂ ಒಳಗೆ ಬಂದರು. ಕೈಯಲ್ಲಿ ಒಂದು ಫೈಲು, ನೀರಿನ ಬಾಟಲಿ.

"ಏನ, ಭಾಜಿಗೆ ಹೊಂಟಿ?"

"ಹೌದ್ರಿ," ಎನ್ನುತ್ತ ಮುಖ ನೋಡಿದೆ. ಏನೋ ಕಡಿಮೆಯಿತ್ತು. ತಲೆಗೆ ಎಣ್ಣೆಯಿಲ್ಲ. ಕಣ್ಣಿಗೆ ಕಾಡಿಗೆಯಿಲ್ಲ. ಕಾಡಿಗೆಯಿಲ್ಲದೆ ಹಾಲಿನವನಿಗೂ ಬಾಗಿಲು ತೆರೆಯದ ಕಾಕೂ ಅವರ ಬರಿಗಣ್ಣು ನಾನು ನೋಡಿದ್ದು ಅದೇ ಮೊದಲು. ಚಿಕ್ಕ ಹುಡುಗಿಯ ಕಣ್ಣುಗಳ ಹಾಗಿದ್ದವು, ಸ್ವಲ್ಪ ಹೆದರಿದ್ದವು. ಲಿಫ್ಟ್ ನೆಲ ಮುಟ್ಟುವ ಮೊದಲೇ ನನ್ನ ಎದೆ ಕೆಳಗಿಳಿಯಿತು.

"ಕಾಕೂ, ಇವತ್ತs ಅಲ್ಲೇನ್ರಿ..."

"ಇರಲಿ ಬಿಡವಾ, ನಿನಗೂ ಕೆಲಸ ಇರ್ತಾವು. ರಿಕ್ಷಾದಂವಗ ಕೇಳೇನಿ. ಜೋಡಿ ಕೂಡತೇನಿ ಮಾವಶಿ ಅಂದಾನ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮನೆಯ ಚಪ್ಪಲಿಯಲ್ಲೇ, ಖಾಲಿ ಚೀಲದೊಂದಿಗೆ, ಅವರ ಹಿಂದೆಯೇ ರಿಕ್ಷಾ ಹತ್ತಿದೆ. ಯೆರವಡಾ ಜೈಲಿನ ಉದ್ದ ಗೋಡೆ ಬಂದಾಗ, ಇಲ್ಲೇ ಇಳಿದು ಒಳಗೆ ಹೋಗಿಬಿಡಲೇ ಎನ್ನಿಸಿತು. ಬದಲಿಗೆ ರಫ್, ಫೇರ್, ರದ್ದಿ ಎಲ್ಲವನ್ನೂ ಕಾಕೂ ಮುಂದೆ ಒಪ್ಪಿಕೊಂಡೆ. ಪೂರ್ತಿ ಕೇಳಿದರು.

"ಹಂಗಾರ ನಾ ರಫ್‌ನಾಗ ಇದ್ದೆ ಅನ್ನು," ಎಂದರು.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಬೆಂಚಿನ ಮೇಲೆ ಕೂತು ಕಾಯುವಾಗ, ಕಾಲೇಜಿನಲ್ಲಿ ಕನ್ನಡದ ಮೇಡಂ ತೋರಿಸಿದ ಒಂದು ಶಾಸನದ ಪ್ರತಿ ನೆನಪಾಯಿತು. ಸೂರ್ಯಚಂದ್ರರಿರುವವರೆಗೂ ಬಾಳಲಿ ಎಂದು ಕಡೆಸಿದ ಕಲ್ಲು. ಕಡೆಯುವವನು ಅವಸರದಲ್ಲಿ ಒಂದು ಹೆಸರನ್ನೇ ಬಿಟ್ಟಿದ್ದ. ಏನು ಮಾಡಿಯಾನು? ಕಲ್ಲನ್ನು ಹರಿಯಲಾಗುವುದಿಲ್ಲ. ಆ ಹೆಸರನ್ನು ಸಾಲಿನ ಕೆಳಗೆ ಚಿಕ್ಕದಾಗಿ ತೂರಿಸಿ ಮುಂದೆ ನಡೆದಿದ್ದ. ಅಂದು ಬೆಂಚಿನಲ್ಲಿ ಕಿಸಿಕಿಸಿ ನಕ್ಕವರಲ್ಲಿ ನಾನೂ ಒಬ್ಬಳು. ಈಗ ಅವನು ದೊಡ್ಡ ಮನುಷ್ಯನಾಗಿ ಕಂಡ. ಬಿಟ್ಟವನೂ ಅವನೇ, ಬಿಟ್ಟದ್ದನ್ನು ಎಲ್ಲರಿಗೂ ಕಾಣುವ ಹಾಗೆ ಸೇರಿಸಿದವನೂ ಅವನೇ. ನನ್ನ ಮುತ್ತಿನ ಸರದಲ್ಲಿ ಆಗಿಹೋದದ್ದಷ್ಟೇ ಇತ್ತು. ಆಗಿಹೋದದ್ದನ್ನು ನೆನಪಿಸಲು ಪುಸ್ತಕ ಯಾರಿಗೆ ಬೇಕು?

ಎರಡು ಬಗೆಯ ಕಣ್ಣಿನ ಹನಿ ಕೊಟ್ಟರು. ಎರಡರ ನಡುವೆ ಬಿಡುವಿರಬೇಕು, ಹೊತ್ತು ತಪ್ಪಬಾರದು. ಕಾಕಾ ಕೈ ನಡುಗುತ್ತದೆ, ಹಾಗಾಗಿ ಹನಿ ಹಾಕುವ ಕೆಲಸ ನನ್ನದಾಯಿತು. ಆ ಸಂಜೆ ಫೇರ್ ಪುಸ್ತಕ ಬಿಚ್ಚಿ, ಸ್ಕೇಲು ಕೂಡ ಹುಡುಕದೆ, ಪೆನ್ನಿನಿಂದ ನೇರವಾಗಿ ಗೆರೆ ಎಳೆದೆ. ಹೊತ್ತಿಗೊಂದು ಚುಕ್ಕಿ, ಹನಿ ಹಾಕಿದ ಮೇಲೆ ಅಡ್ಡಗೀಟು. ಪುಸ್ತಕ ದಿನವೂ ನನ್ನ ಸೊಂಟದಲ್ಲಿ ಮಗುವಿನ ಹಾಗೆ ಮೇಲೆ ಕೆಳಗೆ ಓಡಾಡಿತು. ಒಂದು ಪುಟಕ್ಕೆ ಬೇಳೆಯ ಕಟ್ಟು ಚೆಲ್ಲಿತು, ಇನ್ನೊಂದಕ್ಕೆ ಔಷಧಿಯೇ ಬಿತ್ತು. ಒಂದು ಮಧ್ಯಾಹ್ನ ಲಿಫ್ಟ್ ಕೆಟ್ಟು ಅರ್ಧ ಗಂಟೆ ತಡವಾಯಿತು. ಅಲ್ಲಿ ನನ್ನ ಬದುಕಿನ ಮೊದಲ ಬಾಣ ಎಳೆದೆ. ಸಿಸ್ಟರ್ ಬರಲಿಲ್ಲ. ಆಕಾಶ ಬೀಳಲಿಲ್ಲ.

ಕೊನೆಯ ಹನಿಯ ದಿನ ಕಾಕೂ ಕಪ್ಪು ಕನ್ನಡಕ ತೆಗೆದು ಪುಸ್ತಕಕ್ಕೆ ಕೈಚಾಚಿದರು. ಮೊದಲಿನ ಚೆಂದದ ಪುಟಗಳನ್ನು ನಿಲ್ಲದೆ ಮಗುಚಿ, ಹನಿಗಳ ಪುಟಕ್ಕೆ ಬಂದು ನಿಂತರು. ಆಗಲೇ ಕಾಡಿಗೆ ತೀಡಿದ್ದ ಇನ್ನೊಂದು ಕಣ್ಣು ಮುಚ್ಚಿ, ಹೊಸ ಕಣ್ಣಿನಿಂದ ಒಂದೊಂದೇ ಗೀಟು ನೋಡಿದರು.

"ಏನ್ ಗಲೀಜ ಮಾಡೀ! ಕಾನ್ವೆಂಟಿನಾಗ ಇದನ್ನs ಕಲಿಸ್ಯಾರೇನು?"

"ಭಾಳ ಸ್ವಚ್ಛ ಕಾಣಸಾಕತ್ತದ ಅಲ್ರಿ ನಿಮಗ!" ಎಂದೆ.

ನಕ್ಕು ಪುಸ್ತಕ ಹಿಂದಿರುಗಿಸಿದರು. "ಎರಡನೇ ಕಣ್ಣು ದಸರಾ ಆದಮ್ಯಾಲ, ಮೊದಲನೇ ಸೋಮವಾರ. ಬರಕೊ. ಈ ಪುಸ್ತಕದಾಗ."

ಎರಡು ಸಲ ಹೇಳದವರು ನನಗೆ ಎರಡನೆಯ ಸಲ ಹೇಳುತ್ತಿದ್ದರು. ಅವಸರದಲ್ಲಿ ಪೆನ್ನು ಬಿಚ್ಚಿದೆ. ಚುಕ್ಕಿ ಇಟ್ಟೆ, ದಸರಾ ಬರೆದೆ, ಸೋಮವಾರ ಬರೆದೆ, ಕಣ್ಣು ಎಂದು ಬರೆದೆ.

"ನನ್ನ ಹೆಸರ ಎಲ್ಲಿ ಅದ?" ಎಂದರು ಕಾಕೂ, ಎದುರು ಕುರ್ಚಿಯಿಂದಲೇ.

ಪುಟ ಹರಿಯಲಿಲ್ಲ. ಸಾಲಿನ ಕೆಳಗೆ, ಚಿಕ್ಕದಾಗಿ, ಸೇರಿಸಿದೆ.