ಹುಣಸೆಹಣ್ಣು ಹಾಕಿ ತಿಕ್ಕಿದ ರೋಮಿನ ಕಾಸು

ಜಗಳೂರಿನ ಹತ್ತಿರ, ನಮ್ಮ ಶೇಂಗಾ ಹೊಲದಲ್ಲಿ ಮಾವನವರಿಗೆ ಒಂದು ಪುಟ್ಟ ಕಂಚಿನ ಕಾಸು ಸಿಕ್ಕಿತ್ತು. ಹೆಬ್ಬೆರಳ ಉಗುರಿನಷ್ಟಗಲ, ಮೈಯೆಲ್ಲ ಹಸಿರುಗಪ್ಪು. ಒಂದು ಕಡೆ ಯಾರದೋ ಮುಖ, ಸುತ್ತ ನಮ್ಮದಲ್ಲದ ಅಕ್ಷರ. ಊರವರು ಆಡಿಕೊಂಡು ನಗುತ್ತಿದ್ದರು. "ಯಾವನೋ ದೊಡ್ಡ ರಾಜಂದೇ ಐತೆ, ನೋಡ್ತಿರ್ರಿ" ಎಂದು ಮಾವ ಹಟ ಹಿಡಿದು ಅದನ್ನು ದೇವರ ಗೂಡಿನಲ್ಲಿಟ್ಟಿದ್ದರು.

ಎಪ್ಪತ್ತರ ದಶಕದ ಕೊನೆ. ನಾನು ತ್ಯಾವಣಿಗೆಯಿಂದ ಸೊಸೆಯಾಗಿ ಬಂದ ಹೊಸತು. ಹೊನ್ನಾಳಿ ಕಡೆಯ ಚರಿತ್ರೆ ಮೇಷ್ಟ್ರೊಬ್ಬರು ಕಾಸು ನೋಡಿ, ಇದು ರೋಮಿನದು, ಮತ್ತೆ ಬಂದು ಫೋಟೋ ತೆಗೆದು ಪೇಪರಿಗೆ ಬರೆಯುತ್ತೇನೆ ಎಂದಿದ್ದರು. ಮಾವನ ಕಾಲು ನೆಲದ ಮೇಲಿರಲಿಲ್ಲ. ಊರವರ ಬಾಯಿ ಮುಚ್ಚಿಸಲು ಅವರಿಗಿದ್ದುದು ಅದೊಂದೇ.

ಮೇಷ್ಟ್ರು ಬರುವ ದಿನ ಬೆಳಿಗ್ಗೆ ನಾನು ದೇವರ ಸಾಮಾನು ಬೆಳಗಲು ಕೂತೆ. ಮನೆಗೆ ದೊಡ್ಡವರು ಬಂದಾಗ ತಾಮ್ರ, ಕಂಚು ಮಂಕಾಗಿದ್ದರೆ ಸೊಸೆಯ ಮಾನ ಹೋಯಿತೆಂದೇ ತವರಿನಲ್ಲಿ ಕಲಿಸಿದ್ದು. ದೀಪ, ತಂಬಿಗೆ, ಗಂಟೆಯ ಜೊತೆ ಆ ಕಾಸಿಗೂ ಹುಣಸೆಹಣ್ಣು ಹಚ್ಚಿದೆ. ಹಾಳಾದ್ದು ಆ ಹಸಿರು ಬಿಡಲೊಲ್ಲದು! ಇಟ್ಟಿಗೆ ಪುಡಿ ಹಾಕಿ ಗಸಗಸ ತಿಕ್ಕಿದೆ. ತಿಕ್ಕಬೇಡ ಎಂದು ಯಾರೂ ಹೇಳಿರಲಿಲ್ಲ; ಹೇಳಬೇಕೆಂದು ಯಾರಿಗೆ ತಾನೇ ಹೊಳೆದೀತು? ಫಳಫಳ ಹೊಳೆಯುವ ಕಾಸನ್ನು ಬೀಗುತ್ತಾ ತಟ್ಟೆಯಲ್ಲಿಟ್ಟು ತಂದೆ.

ಮೇಷ್ಟ್ರು ತಿರುಗಿಸಿ ತಿರುಗಿಸಿ ನೋಡಿದರು. ಎರಡೂ ಕಡೆ ಬೋಳು.

"ಅಯ್ಯೋ, ಯಾರ್ರೀ ತಿಕ್ಕಿದ್ದು? ಆ ಹಸಿರು ಪದರದಾಗೇ ಅಲ್ವೇನ್ರೀ ಮುಖ, ಅಕ್ಷರ ಎಲ್ಲಾ ಇದ್ದಿದ್ದು!"

"ನಾನೇ ರೀ" ಎಂದೆ. ತಟ್ಟೆ ಹಿಡಿದ ಕೈ ಎಲ್ಲಿಡಲೆಂದು ತಿಳಿಯಲಿಲ್ಲ.

"ಮೂಗು ಹಿಂಗೆ ಉದ್ದ ಇತ್ತು, ನೀವೇ ನೋಡಿದ್ರಲ್ರೀ. ಅಷ್ಟು ಬರೀರಿ ಸಾಕು" ಎಂದು ಮಾವ ತಮ್ಮ ಮೂಗು ಮುಟ್ಟಿ ತೋರಿಸಿ ಬೇಡಿಕೊಂಡರು. ಯಾರ ಮುಂದೆಯೂ ಹಲ್ಲು ಗಿಂಜದ ಮನುಷ್ಯ.

"ನೋಡಿದ್ದು ಖರೆ. ಆದ್ರೆ ಫೋಟೋ ಇಲ್ದೆ ಯಾರು ನಂಬ್ತಾರ್ರೀ?" ಎಂದರು ಮೇಷ್ಟ್ರು. ಕ್ಯಾಮೆರಾ ಚೀಲದಿಂದ ಹೊರಗೆ ಬರಲೇ ಇಲ್ಲ.

ಸಂಜೆ ನಮ್ಮ ಜಗಲಿಗೆ ಜನ ಬಂದು ಕೂತರು. "ಏನಂದ್ರು ಯಜಮಾನ್ರೇ? ರಾಜ ಯಾರಂತೆ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಈಗ ನನ್ನ ಹೆಸರು ಬರುತ್ತದೆ, ಬರಲಿ ಎಂದುಕೊಂಡೆ.

"ಏನೂ ಇಲ್ವಂತೆ ಬಿಡ್ರಪ್ಪಾ. ನಂಗೇ ಹುಚ್ಚು" ಎಂದರು ಮಾವ. ಜಗಲಿಯೆಲ್ಲ ನಗು. ಆ ನಗುವಿನಲ್ಲಿ ಅವರ ದನಿಯೂ ಕೇಳಿಸಿತು.

ಒಳಗೆ ಬಂದವರು ಕೈಕಾಲು ತೊಳೆದು, ನನ್ನ ಮುಖ ನೋಡದೆ, "ಉಣ್ಣಾಕೆ ಇಕ್ಕವ್ವಾ" ಎಂದರು.